ನಂಜಮಣಿಯ ಪೂರ್ತಿ ಮಾತು

ನಮ್ಮೂರಿನಲ್ಲಿ ಯಾರನ್ನಾದರೂ ಹೊಗಳಬೇಕೆಂದರೆ ಮೊದಲು ಅವರ ಸೊಂಟಕ್ಕೆ ಹಗ್ಗ ಕಟ್ಟಬೇಕು. ಹಗ್ಗದ ಇನ್ನೊಂದು ತುದಿ ಕಂಬಕ್ಕೋ ಗೂಟಕ್ಕೋ ಬಿಗಿದಿದೆಯೇ ಎಂದು ಎಳೆದು ನೋಡಬೇಕು. ಆಮೇಲೆ ಚಪ್ಪಾಳೆ. ಒಬ್ಬನೇ ತಟ್ಟಿದರೆ ಎದುರಿನವರು ಒಂದು ಗೇಣು ಮೇಲೇಳುತ್ತಾರೆ. ಗುಂಪು ಸೇರಿ ತಟ್ಟಿದರೆ ತೆಂಗಿನ ಗರಿ ಮುಟ್ಟುತ್ತಾರೆ. ತಟ್ಟುವುದು ನಿಂತರೆ ಹತ್ತಿಯ ಎಳೆಯ ಹಾಗೆ ನಿಧಾನವಾಗಿ ಇಳಿಯುತ್ತಾರೆ. ಹಾಗಾಗಿ ಅಳುವ ಕೂಸನ್ನು ನಮ್ಮಲ್ಲಿ ಚಿಟಿಕೆ ಹೊಡೆದು ಆಡಿಸುತ್ತಾರೆ. ಸೊಳ್ಳೆಯನ್ನು ಗೋಡೆಗೆ ಒತ್ತಿ ಸಾಯಿಸುತ್ತಾರೆ. ಮದುವೆ ಛತ್ರದ ಸೂರಿಗೆ ಹಳೆಯ ಹಾಸಿಗೆಗಳನ್ನು ಹೊಲಿದು ಹಾಕಿದ್ದಾರೆ. ಓಟು ಕೇಳಲು ಬರುವ ದೊಡ್ಡವರು ಜೇಬಿನ ತುಂಬ ಮರಳು ತುಂಬಿಕೊಂಡೇ ಬರುತ್ತಾರೆ. ಆದರೂ ಮಾತು ಉದ್ದವಾಯಿತು ಅನ್ನಿಸಿದರೆ ಜನ ಸುಮ್ಮನೆ ಚಪ್ಪಾಳೆ ಶುರುಮಾಡುತ್ತಾರೆ. ಅಷ್ಟು ಎತ್ತರಕ್ಕೆ ಹೋದ ಮೇಲೆ ಯಾರ ಭಾಷಣ ಯಾರಿಗೆ ಕೇಳುತ್ತದೆ?

ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ತಟ್ಟುವ ಕೂಲಿಗೆ ಸೇರಿದವನು. ಅಪ್ಪ ಕಾಮಾಲೆಯಲ್ಲಿ ತೀರಿಹೋದ ವರ್ಷ ಅದು. ತೆಂಗಿನಕಾಯಿ ಕೀಳಬೇಕು, ಹುಣಸೆ ಬಡಿಯಬೇಕು, ಬೀದಿದೀಪದ ಬಲ್ಬು ಬದಲಿಸಬೇಕು, ಎತ್ತರದ ಗೋಡೆಗೆ ಸುಣ್ಣ ಹೊಡೆಯಬೇಕು ಎಂದರೆ ಯಾರಾದರೂ ಮೇಲೆ ಹೋಗಬೇಕಲ್ಲ, ಹಾಗೆ ಹೋಗುವವನು ನಮ್ಮ ಗುಂಪಿನ ಯಜಮಾನ ಮರಿಸ್ವಾಮಣ್ಣ. ಕೆಳಗೆ ನಿಂತು ತಟ್ಟುವವರು ನಾವು ಐದಾರು ಮಂದಿ. ಏರುವವನಿಗೆ ಎರಡು ಪಾಲು, ತಟ್ಟುವವನಿಗೆ ಒಂದು. ಮೇಲಿನವನಿಗೆ ತಂಗಾಳಿ, ಎಳನೀರು, ಊರೆಲ್ಲ ಕಾಣುವ ನೋಟ. ಕೆಳಗಿನವನಿಗೆ ಕಣ್ಣಿಗೆ ಉದುರುವ ಕಸ. ನನ್ನ ಅಂಗೈ ಎಮ್ಮೆಯ ಗೊರಸಿನ ಹಾಗಾಗಿದೆ. ಈ ಸಿದ್ದರಾಜೂಗೆ ಮೂಗಿನ ತುದೀಲಿ ಸಿಟ್ಟು ಎಂದು ಊರವರು ಆಡಿಕೊಳ್ಳುತ್ತಾರೆ. ದಿನವಿಡೀ ಬೇರೆಯವರನ್ನು ಎತ್ತಿ ತಾನು ಮಾತ್ರ ನೆಲದಲ್ಲೇ ನಿಂತವನಿಗೆ ಸಿಟ್ಟು ಬರದೆ ನಗು ಬರುತ್ತದೆಯೇ?

ಏರುವವನಾಗಬೇಕೆಂದರೆ ಸ್ವಂತದ ನಡುಪಟ್ಟಿ ಇರಬೇಕು. ದಪ್ಪ ತೊಗಲಿನದು, ಕಬ್ಬಿಣದ ಬಳೆಗಳಿರುವುದು, ಮೈ ಅಳತೆ ಕೊಟ್ಟು ಹೊಲಿಸಬೇಕಾದದ್ದು. ಇನ್ನೊಬ್ಬರ ಪಟ್ಟಿ ಕಟ್ಟಿಕೊಂಡು ಏರುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೆಂದೇ ಅವ್ವನ ಅಕ್ಕಿ ಡಬ್ಬಿಯಲ್ಲಿ ನಾನು ದುಡ್ಡು ಕೂಡಿಡುತ್ತಿದ್ದೆ. ಯುಗಾದಿಗೆ ಪಟ್ಟಿ ಕೈಗೆ ಬರಬೇಕು ಎಂದು ಅಳತೆಯನ್ನೂ ಕೊಟ್ಟು ಬಂದಿದ್ದೆ. ಅದೇ ಹೊತ್ತಿಗೆ ಹತ್ತನೇ ಕ್ಲಾಸಿನಲ್ಲಿದ್ದ ನನ್ನ ತಂಗಿ ನಂಜಮಣಿ ಸ್ಕೂಲಿನಿಂದ ಒಂದು ಹೊಳೆಯುವ ಕಾಗದ ತಂದಳು.

ವಿದ್ಯಾರ್ಥಿ ನಾಯಕತ್ವ ಸಮಾವೇಶವಂತೆ. ದೂರದ ದೊಡ್ಡ ಊರಿನಲ್ಲಿ ಮೂರು ದಿನ, ಊಟ ವಸತಿ ಸಮೇತ. "ನೀವು ಆಯ್ಕೆಯಾಗಿದ್ದೀರಿ" ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ತೀರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಶುಲ್ಕ. ನನ್ನ ಪಟ್ಟಿಯ ದುಡ್ಡು ಪೂರ್ತಿ ಹೋಗಿ, ಮೇಲೆ ಅವ್ವ ಇನ್ನಷ್ಟು ಹೊಂದಿಸಬೇಕಾದ ಮೊತ್ತ.

"ಆಯ್ಕೆ ಮಾಡಿದೋರು ದುಡ್ಡು ಯಾಕೆ ಕೇಳ್ತಾರೆ?" ಎಂದೆ. "ಹೆಣ್ಣು ಒಪ್ಪಿಗೆಯಾಗೈತೆ, ಬಿಲ್ ಕಟ್ಟಿ ಅಂದಂಗಾಯ್ತು."

"ಹೆಣ್ಣು ಒಪ್ಪಿದೋರೂ ದುಡ್ಡು ಕೇಳೋದೇ ಅಲ್ವಾ?" ಎಂದಳು ನಂಜಮಣಿ.

ಒಲೆಯ ಮುಂದಿದ್ದ ಅವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಅವಳ ಬಾಯಿಗೆ ಯಾಕ್ ಹೋಯ್ತೀಯಪ್ಪ ನೀನು?"

"ಅಲ್ಲವ್ವ, ಏನ್ ಕಲಿಸ್ತಾರಂತೆ ಅಲ್ಲಿ, ಕೇಳು."

"ಮುಂದೆ ನಿಂತು ಮಾತಾಡೋದು ಕಲಿಸ್ತಾರೆ."

"ನೀನು ಹಿಂದೆ ನಿಂತ್ಕೊಂಡೇ ಇಷ್ಟು ಮಾತಾಡ್ತೀಯ. ಮುಂದೆ ಬೇರೆ ನಿಂತ್ರೆ ಊರು ಬಿಟ್ಟು ಹೋಗಬೇಕಾಯ್ತದೆ ನಾವು."

ಅವಳು ನಗಲಿಲ್ಲ. ಕಾಗದವನ್ನು ಮಡಚಿ ಪುಸ್ತಕದೊಳಗೆ ಇಟ್ಟಳು. ಕೊಡೋದಿಲ್ಲ ಎಂದು ನಾನು ಕಡ್ಡಿ ಮುರಿದ ಹಾಗೆ ಹೇಳಿದೆ. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಳು. ಊಟಕ್ಕೆ ಕೂತರೆ ಮುದ್ದೆ ನನ್ನ ತಟ್ಟೆಗೆ ಕಲ್ಲು ಬಿದ್ದ ಹಾಗೆ ಬೀಳುತ್ತಿತ್ತು. ಅವ್ವ ಯಾರ ಕಡೆಯೂ ಮಾತಾಡಲಿಲ್ಲ. "ನಿನ್ನ ಕೈಯ ದುಡ್ಡು, ನೀನೇ ತೀರ್ಮಾನ ಮಾಡು" ಎಂದು ಮಾತ್ರ ಅಂದಳು. ಅದೇ ನನಗೆ ಇನ್ನೂ ಕಷ್ಟವಾಯಿತು.

ಅಪ್ಪ ಅಮ್ಮಂದಿರ ಸಭೆಗೆ ಮನೆಯ ಗಂಡಸೆಂದು ನಾನೇ ಹೋದೆ. ಸಮಾವೇಶದ ಕಡೆಯಿಂದ ತರುಣ್ ಎಂಬೊಬ್ಬ ಬಂದಿದ್ದ. ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ನಮ್ಮೂರ ಬಿಸಿಲಿನಲ್ಲಿ ಕೋಟು ತೊಟ್ಟಿದ್ದ. ಇಂದಿನ ಮಕ್ಕಳೇ ನಾಳಿನ ನಾಯಕರು, ಖರ್ಚಲ್ಲ ಇದು ಬಿತ್ತನೆ, ಒಂದು ಅವಕಾಶ ತಪ್ಪಿದರೆ ಒಂದು ಬದುಕು ತಪ್ಪಿದ ಹಾಗೆ ಎಂದೆಲ್ಲ ಹೇಳಿದ. ನನ್ನ ಪಕ್ಕದಲ್ಲಿ ಕೂತಿದ್ದ ಮರಿಸ್ವಾಮಣ್ಣ, "ಲೇ, ಇವ್ನು ನೀರು ಕುಡೀದೇ ಮಾತಾಡ್ತಾನಲ್ಲ" ಎಂದು ಪಿಸುಗುಟ್ಟಿದ. ಬದುಕು ತಪ್ಪಿದವನು ಇಲ್ಲಿ ಕೂತಿದ್ದೀನಿ ಕಣಪ್ಪ, ಎಂಟನೇ ಕ್ಲಾಸಿಗೆ, ಎಂದು ಕೂಗಬೇಕೆನ್ನಿಸಿತು ನನಗೆ. ಹಲ್ಲು ಕಚ್ಚಿ ಕೂತೆ.

ಕೊನೆಯಲ್ಲಿ ಅವನು ಕೈಯೆತ್ತಿ, "ಆಯ್ಕೆಯಾದ ಎಲ್ಲ ಮಕ್ಕಳಿಗೂ ಒಂದು ಜೋರಾದ ಚಪ್ಪಾಳೆ!" ಎಂದ.

ಸಭೆ ಕಲ್ಲಾಯಿತು. ತಾಯಂದಿರು ತಮ್ಮ ತಮ್ಮ ಮಕ್ಕಳ ಲಂಗದ ಅಂಚು, ಚಡ್ಡಿಯ ಪಟ್ಟಿ ಹಿಡಿದುಕೊಂಡರು. ಒಂದು ಮಗುವಿನ ಸೊಂಟಕ್ಕೂ ಹಗ್ಗವಿರಲಿಲ್ಲ. ಹೆಡ್ ಮೇಡಂ ಮೈಕಿನ ಕಡೆಗೆ ಧಾವಿಸಿದರು. ಅಷ್ಟರಲ್ಲಿ ತರುಣ್, "ಯಾಕೆ, ಯಾರಿಗೂ ಖುಷಿಯಿಲ್ವಾ?" ಎಂದು ನಕ್ಕ.

ನಾನು ಎದ್ದು ನಿಂತು ಅವನ ಮುಖ ನೋಡಿಕೊಂಡು ತಟ್ಟತೊಡಗಿದೆ. ಗೊರಸಿನಂಥ ಕೈ, ಅವನ ಬೂಟು ಒಂದು ಗೇಣಲ್ಲ, ಮೊಣಕಾಲುದ್ದ ಮೇಲೆ ಬಂತು. ಅವನು ಮೇಜಿನ ಬಟ್ಟೆ ಹಿಡಿದುಕೊಂಡ. ಬಟ್ಟೆಯ ಜೊತೆ ಹೂವಿನ ಕುಂಡ, ನೀರಿನ ಲೋಟ ಎಲ್ಲ ಹೊರಟವು. ಮೈಕಿನಲ್ಲಿ "ಅಮ್ಮಾ" ಎಂಬ ಸದ್ದು ಕೇಳಿಸಿತು. ನಾನು ಕೈ ನಿಲ್ಲಿಸಿದೆ. ಅವನು ಇಳಿದು ನೆಲದ ಮೇಲೆ ಕೂತುಬಿಟ್ಟ.

ಯಾರೂ ನಗಲಿಲ್ಲ. ಹಗ್ಗವಿಲ್ಲದವರಿಗೆ ಚಪ್ಪಾಳೆ ತಟ್ಟುವುದು ನಮ್ಮಲ್ಲಿ ಇನ್ನೊಬ್ಬರ ಹುಲ್ಲಿನ ಬಣವೆಗೆ ಬೆಂಕಿಯಿಟ್ಟಷ್ಟೇ ಹೀನ ಕೆಲಸ. ಮರಿಸ್ವಾಮಣ್ಣ ನನ್ನ ಕತ್ತಿನ ಪಟ್ಟಿ ಹಿಡಿದು ಹೊರಗೆ ತಂದ.

"ನಾಳೆಯಿಂದ ಕೂಲಿಗೆ ಬರಬ್ಯಾಡ. ಹೋಗಿ ಅವರ ಕಾಲು ಕೇಳ್ಕೊಂಡು ಬಾ. ಆಮ್ಯಾಕೆ ಮಾತು."

ಕಾಲು ಕೇಳುವುದೆಂದರೆ ನಮ್ಮೂರ ಕ್ಷಮಾಪಣೆ. ತಪ್ಪು ಮಾಡಿದವನು ಮನೆಬಾಗಿಲಿಗೆ ಹೋಗಿ, ಕಾಲು ನೆಲದ ಮೇಲಿದೆಯೇ ಎಂದು ಕೇಳಬೇಕು. ಅವರು ಇದೆ ಅನ್ನಬೇಕು. ಅನ್ನದಿದ್ದರೆ ನಾಳೆ ಮತ್ತೆ ಹೋಗಬೇಕು.

ಮರುದಿನ ಬಸ್ ಸ್ಟ್ಯಾಂಡಿನ ಮೇಲಿನ ಲಾಡ್ಜಿಗೆ ಹೋದೆ. ತರುಣ್ ಬನಿಯನ್ನಿನಲ್ಲಿ ಮಂಚದ ಅಂಚಿಗೆ ಕೂತು ಇಡ್ಲಿ ತಿನ್ನುತ್ತಿದ್ದ. ಕೋಟಿಲ್ಲದೆ ಇನ್ನೂ ಚಿಕ್ಕವನಾಗಿ ಕಂಡ.

"ಕಾಲು ನೆಲದ ಮೇಲೈತಾ ಸಾ?"

"ಇದೆ. ಎರಡೂ ಇವೆ. ರಾತ್ರಿಯೆಲ್ಲ ಮಂಚ ಹಿಡ್ಕೊಂಡೇ ಮಲಗಿದ್ದೆ," ಎಂದ. ಆಮೇಲೆ ಪೊಟ್ಟಣವನ್ನು ನನ್ನ ಕಡೆ ಸರಿಸಿ, "ತಗೊಳ್ಳಿ, ಚಟ್ನಿ ಚೆನ್ನಾಗಿದೆ" ಎಂದ.

ಕಾಲು ಕೇಳುವ ನೆಪದಲ್ಲಿ ಜಗಳಕ್ಕೆಂದೇ ಹೋದವನಿಗೆ ಇಡ್ಲಿ ಕೊಟ್ಟರೆ ಏನು ಮಾಡುವುದು? ನಿಂತುಕೊಂಡೇ ಕೇಳಿದೆ. "ನನ್ ತಂಗೀನ ಯಾರು ಸಾ ಆಯ್ಕೆ ಮಾಡಿದ್ದು?"

"ಸ್ಕೂಲಿನವರು ಹತ್ತನೇ ಕ್ಲಾಸಿನವರ ಹೆಸರು ಕೊಡ್ತಾರೆ. ನಾವು ಕಾಗದ ಕೊಡ್ತೀವಿ."

"ಎಲ್ಲರಿಗೂನಾ?"

"ಎಲ್ಲರಿಗೂ." ಬಸ್ಸಿನ ಹೊತ್ತು ಹೇಳುವವನ ಹಾಗೆ ಹೇಳಿದ.

"ಹಂಗಾದ್ರೆ ದಂಡ ಅನ್ನಿ."

ಅವನು ಕೈ ತೊಳೆದು ಬಂದು ಕೂತ. "ನಾನೂ ಹತ್ತನೇ ಕ್ಲಾಸಲ್ಲಿ ಹೋಗಿದ್ದೆ. ನಮ್ಮಪ್ಪ ಸ್ಕೂಟರ್ ಮಾರಿ ಕಳಿಸಿದ್ರು. ಕಲಿಸಿದ್ದು ಒಂದಕ್ಷರ ನೆನಪಿಲ್ಲ. ಒಂದು ಬ್ಯಾಗ್ ಕೊಟ್ರು, ಅದು ಚೆನ್ನಾಗಿತ್ತು. ಆದ್ರೆ ಒಂದು ಮಧ್ಯಾಹ್ನ ವೇದಿಕೆ ಮೇಲೆ ನಿಲ್ಲಿಸಿ, ನಿಮ್ಮೂರಲ್ಲಿ ಏನಾದರೂ ಬದಲಾಗಬೇಕು ಅಂದ್ರೆ ಏನು ಅಂತ ಕೇಳಿದ್ರು. ಅಲ್ಲೀವರೆಗೆ ನನ್ನ ಯಾರೂ ಏನೂ ಕೇಳಿರಲಿಲ್ಲ."

"ನೀವೇನಂದ್ರಿ?"

"ಏನೂ ಅನ್ನಲಿಲ್ಲ. ಆದರೂ ಚಪ್ಪಾಳೆ ಹೊಡೆದ್ರು."

"ಎಷ್ಟೆತ್ತರ ಹೋದ್ರಿ?"

"ಎಲ್ಲೂ ಹೋಗಲಿಲ್ಲ. ಅಲ್ಲಿ ಚಪ್ಪಾಳೆಗೆ ಏನೂ ಆಗಲ್ಲ ಕಣ್ರೀ. ನಿಂತಲ್ಲೇ ನಿಂತಿರ್ತೀವಿ."

ನನಗೆ ಅಲ್ಲಿನ ಜನರ ಮೇಲೆ ಕನಿಕರವೇ ಬಂತು. ಅಷ್ಟು ಕೈಗಳು, ಅಷ್ಟು ಸದ್ದು, ಒಂದು ಕಾಯಿಯೂ ಕೆಳಗೆ ಬೀಳುವುದಿಲ್ಲ. ಆದರೂ ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದು ನಂಜಮಣಿಯ ಮುಂದೆ ನಿಂತೆ. "ಕೇಳಿಲ್ಲಿ. ಕಾಗದ ಎಲ್ಲರಿಗೂ ಕೊಟ್ಟವ್ರೆ. ಆಯ್ಕೆಯೂ ಇಲ್ಲ, ಗೀಯ್ಕೆಯೂ ಇಲ್ಲ."

"ಗೊತ್ತು," ಎಂದಳು. ಅಷ್ಟು ದಿನಗಳ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು. "ತನ್ನ ಹೆಸರೇ ತಪ್ಪಾಗ್ ಬರೆಯೋನಿಗೂ ಕೊಟ್ಟವ್ರೆ."

"ಗೊತ್ತಿದ್ದೂ ಹೋಗಬೇಕಾ?"

"ಅಲ್ಲಿ ಚಪ್ಪಾಳೆ ತಟ್ಟಿದ್ರೆ ಏನೂ ಆಗಲ್ವಂತೆ ಅಣ್ಣ."

"ಅದಕ್ಕೇ ಹೇಳೋದು, ಏನ್ ಸುಖ?"

ಅವಳು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. "ಹೋದ ಸ್ಕೂಲ್ ಡೇಲಿ ನಾನು ಏನ್ ಮಾತಾಡಿದೆ ಹೇಳು."

ನಾನು ಆ ದಿನ ಹುಣಸೆ ತೋಪಿನಲ್ಲಿ ಕೆಲಸದಲ್ಲಿದ್ದೆ. "ಭಾರಿ ಚೆನ್ನಾಗ್ ಮಾತಾಡಿದ್ಲು ಅಂತ ಊರೆಲ್ಲ ಅಂತಿದ್ರು."

"ಏನು ಮಾತಾಡಿದೆ?"

ನನಗೆ ಗೊತ್ತಿರಲಿಲ್ಲ. ಅವ್ವನ ಮುಖ ನೋಡಿದೆ. ಆ ದಿನ ಮುಂದಿನ ಸಾಲಿನಲ್ಲೇ ಕೂತಿದ್ದ ಅವ್ವನಿಗೂ ಗೊತ್ತಿರಲಿಲ್ಲ.

"'ನಮ್ಮ ಸ್ಕೂಲು ನಮ್ಮ ಹೆಮ್ಮೆ, ಆದರೆ' ಅಂದೆ. ಆದರೆ ಅನ್ನೋದ್ರೊಳಗೆ ಚಪ್ಪಾಳೆ. ಹಗ್ಗದ ತುದಿಗೆ ಹೋಗಿ ನಿಂತೆ. ಎರಡು ಕೈಲೂ ಲಂಗ ಹಿಡ್ಕೊಳ್ಳೋದೇ ಆಯ್ತು. ಮೈಕ್ ಕೆಳಗೆ. ಇಳಿಯೋದ್ರೊಳಗೆ ಹಾರ ಹಾಕಿ, ಡ್ಯಾನ್ಸಿನೋರ್ನ ಕರೆದುಬಿಟ್ರು." ಅವಳು ಸೊಪ್ಪಿನ ಕಡೆ ನೋಡಿಕೊಂಡೇ ಹೇಳಿದಳು. "ಹೆಣ್ಮಕ್ಕಳ ಕಕ್ಕಸಿಗೆ ಬಾಗಿಲಿಲ್ಲ ಅಣ್ಣ. ಒಬ್ಬಳು ಒಳಗೆ ಹೋದ್ರೆ ಒಬ್ಬಳು ದುಪಟ್ಟ ಹಿಡ್ಕೊಂಡು ನಿಂತಿರಬೇಕು. ಅರ್ಧ ಜನ ಬೆಳಗಿಂದ ಸಂಜೆಗಂಟ ನೀರೇ ಕುಡಿಯಲ್ಲ. ಇಷ್ಟು ಹೇಳಬೇಕಿತ್ತು. ಎಲ್ಲಾದ್ರೂ ಸರಿ, ಒಂದ್ಸಲ ಪೂರ್ತಿ ಹೇಳಿ ಮುಗಿಸ್ಬೇಕು ಅಂತ ಆಸೆ."

ಅವ್ವ ಒಲೆಯ ಉರಿ ಸಣ್ಣ ಮಾಡಿದಳು. ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ಹಾಗೆ ದಿಕ್ಕಿಲ್ಲದ ಸಿಟ್ಟು ಬಂದರೆ ನಾನು ಕೆಲಸ ಹುಡುಕುತ್ತೇನೆ. ಶುಲ್ಕ ಕಟ್ಟಲು ಕೊನೆಯ ದಿನಕ್ಕೆ ಮೊದಲು ಇನ್ನೊಂದು ಸಭೆಯಿತ್ತು. ಮರಿಸ್ವಾಮಣ್ಣನ ಮನೆಗೆ ಹೋಗಿ, ತರುಣನ ಕಾಲು ಕೇಳಿ ಬಂದೆ ಎಂದೆ. ಆಮೇಲೆ, ಸಭೆಗೆ ಬಂದವರ ಕೈ ಕಟ್ಟಿಹಾಕಬೇಕು, ಒಂದು ಉಪಾಯ ಹೇಳು ಎಂದೆ.

"ಕೈಗೆ ಏನಾದ್ರೂ ಕೊಡು," ಎಂದ ಅವನು. "ಖಾಲಿ ಕೈ ಸುಮ್ಕಿರಲ್ಲ ನಮ್ಮೂರಲ್ಲಿ."

ಅಕ್ಕಿ ಡಬ್ಬಿಯಿಂದ ಒಂದಿಷ್ಟು ತೆಗೆದು ಟೀ ಹೇಳಿದೆ. ಸ್ಟೀಲಿನ ಲೋಟ, ಕಂಠದವರೆಗೆ ಟೀ, ಕುದಿಕುದಿ ಬಿಸಿ. ಗುಂಪಿನ ಹುಡುಗರೆಲ್ಲ ಬಂದು ಹಂಚಿದರು. ಎರಡು ಕೈಯಲ್ಲೂ ಸೆರಗು, ಟವೆಲ್ಲು, ಪಂಚೆಯ ತುದಿ ಸುತ್ತಿ ಲೋಟ ಹಿಡಿದು ಇಡೀ ಸಭೆ ಊದುತ್ತಾ ಕೂತಿತು. ಆಗ ನಂಜಮಣಿ ಎದ್ದು ನಿಂತಳು. ನಮ್ಮ ಸ್ಕೂಲು ನಮ್ಮ ಹೆಮ್ಮೆ ಎಂದಳು. ಮುಂದಿನ ಸಾಲಿನಲ್ಲಿ ಒಬ್ಬರು ಅಭ್ಯಾಸಬಲದಿಂದ ಕೈಯೆತ್ತಲು ಹೋಗಿ ತೊಡೆಯ ಮೇಲೆ ಟೀ ಚೆಲ್ಲಿಕೊಂಡು "ಅಯ್ಯಯ್ಯೋ" ಎಂದರು. ಆದರೆ ಎಂದಳು ನಂಜಮಣಿ. ಆದರೆಯ ಮುಂದಿನದನ್ನು ಊರು ಮೊದಲ ಸಲ ಕೇಳಿತು.

ಕೇಳಿದ ಮೇಲೆ ಜಗಳವಾಯಿತು. ಬಾಗಿಲು ಹಾಕಿಸಿದರೆ ಕಿತ್ತುಕೊಂಡು ಹೋಗುತ್ತಾರೆ ಎಂದರು ಒಬ್ಬರು. ತಗಡು ಸಾಕು ಎಂದರು ಇನ್ನೊಬ್ಬರು. ಇದನ್ನೆಲ್ಲ ಹೆಣ್ಣುಮಗು ಮೈಕಿನಲ್ಲಿ ಹೇಳುವುದೇ ಎಂದು ಒಬ್ಬಾತ ಮೂಗು ಮುರಿದ. ಮುಂದಿನ ಸಭೆಯಲ್ಲಿ ನೋಡೋಣ ಎಂದು ಹೆಡ್ ಮೇಡಂ ಮುಗಿಸಿದರು.

ದಾರಿಯಲ್ಲಿ ನಾನು ಎದೆಯುಬ್ಬಿಸಿ ನಡೆಯುತ್ತಿದ್ದೆ. "ನೋಡಿದ್ಯಾ? ಯಾವ ಸಮಾವೇಶ ಬೇಕು? ಟೀ ಖರ್ಚಲ್ಲಿ ಮುಗೀತು."

"ಅವರು ಸುಮ್ಕಿದ್ದಿದ್ದು ಟೀ ಬಿಸಿಗೆ ಅಣ್ಣ. ನನ್ ಮಾತಿಗಲ್ಲ."

ಎದೆ ಕೆಳಗಿಳಿಯಿತು. ಬೀದಿಯ ತಿರುವಿನಲ್ಲಿ ನಾನೇ ಅಂದೆ. "ಹೋಗು ಹಂಗಾದ್ರೆ. ದುಡ್ಡು ಕೊಡ್ತೀನಿ. ಪಟ್ಟಿ ಇನ್ನೊಂದು ವರ್ಷಕ್ಕೆ ನೋಡ್ಕೋತೀನಿ." ಬಾಯಿಮಾತಿಗಲ್ಲ, ನಿಜವಾಗಿಯೇ ಹೇಳಿದೆ.

ಅವಳು ನಿಂತಳು. "ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ. ಅಲ್ಲಿ ನೆಲದ ಮೇಲೆ ನಿಂತು ಪೂರ್ತಿ ಹೇಳಬೋದು. ಎಲ್ಲರೂ ಕೇಳ್ತಾರೆ. ಆದ್ರೆ ಬಾಗಿಲು ಹಾಕಿಸ್ಬೇಕಾದೋರು ಒಬ್ರೂ ಅಲ್ಲಿರಲ್ವಲ್ಲ. ಅಷ್ಟು ದುಡ್ಡು ಕೊಟ್ಟು ಬೇರೆ ಊರಿನೋರಿಗೆ ನಮ್ಮ ಕಕ್ಕಸಿನ ಸುದ್ದಿ ಯಾಕ್ ಹೇಳನ?"

"ಹೋಗಲ್ವಾ?"

"ಊರು ನೋಡ್ಬೇಕು ಅಂತ ಆಸೆಯಿತ್ತು," ಎಂದಳು. ಕಣ್ಣು ಒದ್ದೆಯಾಗಿತ್ತು, ಅದನ್ನು ಅವಳು ಮುಚ್ಚಿಡಲಿಲ್ಲ. "ಹೋಗಲ್ಲ. ಮುಂದಿನ ಸಭೇಲಿ ಟೀ ಬ್ಯಾಡ."

ಕಾಗದವನ್ನು ಅವಳೇ ತರುಣನಿಗೆ ವಾಪಸ್ಸು ಕೊಟ್ಟಳು. ಅವನು ಒತ್ತಾಯ ಮಾಡಲಿಲ್ಲವಂತೆ. ನಮ್ಮೂರಿನಿಂದ ಇಬ್ಬರು ಹೋದರು. ಅವರಿಗೆ ಹೇಗನ್ನಿಸಿತೋ, ಅದು ಅವರ ಲೆಕ್ಕ.

ಮುಂದಿನ ಸಭೆಗೆ ಟೀ ಇರಲಿಲ್ಲ. ನಂಜಮಣಿಯ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಅವಳು ಲಂಗದ ಒಳಗೆ ನನ್ನ ಹಳೆಯ ಪ್ಯಾಂಟು ತೊಟ್ಟಿದ್ದಳು, ತುದಿಯನ್ನು ದಾರದಲ್ಲಿ ಕಟ್ಟಿಕೊಂಡಿದ್ದಳು. ಯಾಕೆ ಎಂದು ನನಗೆ ಹೊಳೆಯಲಿಲ್ಲ. ಅವಳು ಬಾಗಿಲಿನ ಮಾತು ತೆಗೆದಳು. ತಗಡಿನ ಬಾಗಿಲು ಯಾಕೆ ಬೇಡ ಎಂದು ಶುರುಮಾಡುವಷ್ಟರಲ್ಲಿ ಹಿಂದಿನಿಂದ ಚಪ್ಪಾಳೆ ಬಂತು. ಒಬ್ಬ, ಇನ್ನೊಬ್ಬ, ಆಮೇಲೆ ಸಾಲುಸಾಲು. ಪ್ರೀತಿಗೆ ತಟ್ಟಿದವರೂ ಇದ್ದರು, ಬಾಯಿ ಮುಚ್ಚಿಸಲು ತಟ್ಟಿದವರೂ ಇದ್ದರು. ಸದ್ದಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಹಗ್ಗ ನನ್ನ ಕೈಯೊಳಗೆ ಸರಸರನೆ ಜಾರಿ ಅವಳು ಸೂರಿಗೆ ಹೋಗಿ ತಾಗಿದಳು.

ಆದರೆ ಈ ಸಲ ಲಂಗ ಹಿಡಿಯುವ ಕೆಲಸ ಅವಳಿಗಿರಲಿಲ್ಲ. ಒಂದು ಕೈಯನ್ನು ಸೂರಿನ ಕಂಬಿಗೆ ಕೊಟ್ಟು, ಇನ್ನೊಂದನ್ನು ಬಾಯಿಯ ಪಕ್ಕದಲ್ಲಿ ಹಿಡಿದು ಕೂಗಿದಳು. "ತಟ್ಟಿ! ಕೈ ನೋಯೋಗಂಟ ತಟ್ಟಿ. ನಾನು ಮುಗಿಸಿಯೇ ಇಳಿಯೋದು."

ಮಾತು ನಿಲ್ಲಿಸಲೇ ಇಲ್ಲ ಅವಳು. ತಗಡು ಬಿಸಿಲಿಗೆ ಕಾಯುತ್ತದೆ ಎಂದಳು. ಗಾಳಿಗೆ ಬಡಿದುಕೊಳ್ಳುತ್ತದೆ, ಕೆಳಗಿನಿಂದ ತುಕ್ಕು ಹಿಡಿಯುತ್ತದೆ ಎಂದಳು. ಚಪ್ಪಾಳೆ ಏರಿದರೆ ದನಿ ಏರಿ, ಇಳಿದರೆ ಇಳಿದು ಸಾಗುತ್ತಿತ್ತು. ಕೈಯ ವಿಷಯ ನನಗೆ ಗೊತ್ತು. ಕೂಲಿಯಿಲ್ಲದೆ ತಟ್ಟುವ ಕೈ ಬೇಗ ಸೋಲುತ್ತದೆ. ಮೊದಲು ಹಿಂದಿನವರು ನಿಲ್ಲಿಸಿದರು. ಆಮೇಲೆ ನಡುವಿನವರು. ಕೊನೆಗೆ ಒಬ್ಬನೇ ಒಬ್ಬ ಉಳಿದು, ಸುತ್ತ ನೋಡಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ನಾನು ಹಗ್ಗವನ್ನು ಸುತ್ತಿಕೊಳ್ಳುತ್ತಾ ಹೋದೆ. ಅವಳು ಇಳಿಯುತ್ತಾ ಇಳಿಯುತ್ತಾ ಹೇಳುತ್ತಲೇ ಇದ್ದಳು, ಸದ್ದಡಗಿದ ಸಭೆಯಲ್ಲಿ ಈಗ ಮಾಮೂಲಿ ದನಿಯಲ್ಲಿ: "...ಆಮೇಲೆ ಚಿಲಕ. ಚಿಲಕ ಒಳಗಡೆ ಇರಬೇಕು, ಹೊರಗಡೆ ಅಲ್ಲ."

ಅವಳ ಕಾಲು ನೆಲ ಮುಟ್ಟಿತು. ಸಭೆ ಉಸಿರು ಬಿಟ್ಟ ಹಾಗಾಯಿತು. ಆಗ ಹಿಂದಿನ ಸಾಲಿನಿಂದ ಯಾರೋ ಗಂಟಲು ಸರಿಮಾಡಿಕೊಂಡು ಕೇಳಿದರು: "ಯಾವ ಮರದ್ದು ಹಾಕಿಸನ ಕಣವ್ವ?"